ಸುಣ್ಣದ ಹೊಂಡ

ಅದು ಬರೀ ಗುಂಡಿಯಾಗಿದ್ದಷ್ಟು ದಿನ ನಾವೆಲ್ಲ ಅದರೊಳಗೆ ಇಳಿದು ಹತ್ತಿದವರೇ. ಯಜ್ಞಕುಂಡ ಎಂದು ಹೆಸರಿಟ್ಟ ಮೇಲೆ ನಮ್ಮನ್ನು ಹಗ್ಗದ ಆಚೆ ನಿಲ್ಲಿಸಿದರು.

ಸಿಟ್ಟಿನಲ್ಲಿ ಬರೆಯಬೇಕೆಂದು ಕೂತಿದ್ದೇನೆ. ಸಿಟ್ಟು ಇಲ್ಲವೆಂದಲ್ಲ. ಆದರೆ ಈಚೆಗೆ ಸಿಟ್ಟಿಗಿಂತ ಮೊದಲು ಸುಸ್ತು ಬರುತ್ತದೆ. ಮಣ್ಣು ಹೊತ್ತ ಸುಸ್ತಲ್ಲ. ಅದು ಮಲಗಿ ಎದ್ದರೆ ಹೋಗುತ್ತದೆ. ಇದು ಹೋಗುವುದಿಲ್ಲ.

ನನ್ನ ಹೆಸರು ಧಾರಿಣಿ. ಹಿರಿಯೂರಿನ ಕಡೆಯ ಮಾದಿಗರ ಮನೆಯವಳು. ದೆಹಲಿಗೆ ಬಂದು ಪುರಾತತ್ವ ಓದಿದೆ, ಅದರಲ್ಲೇ ಪಿಎಚ್‌ಡಿಗೆ ಸೇರಿದೆ. ವಸಂತ್ ಕುಂಜ್‌ನ ಫ್ಲಾಟುಗಳ ಬೆನ್ನಿಗಿರುವ ಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಹೋದ ಚಳಿಗಾಲ ಹರಿಯಾಣದ ಮಾನೇಸರ್‌ನಿಂದ ಆಚೆ ಒಂದು ಹಳ್ಳಿಯ ದಿಬ್ಬ ಅಗೆಯುವ ಕೆಲಸಕ್ಕೆ ಸೇರಿಕೊಂಡೆ. ಮೆಟ್ರೊ ಇಳಿದು, ಶೇರ್ ಆಟೊದಲ್ಲಿ ಮೊಣಕಾಲು ಮಡಚಿ ಕೂತು, ಆಮೇಲೆ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಗಳ ಕಾಂಪೌಂಡ್ ಪಕ್ಕ ನಡೆದರೆ ದಿಬ್ಬ ಸಿಗುತ್ತಿತ್ತು. ಸುತ್ತ ಸಾಸಿವೆ ಹೊಲ. ಮೇಲೆ ಮಂಜು. ಮಂಜು ಅಂದರೆ ಮಂಜಲ್ಲ, ಹೊಗೆ. ಉಗುಳಿದರೆ ಕಪ್ಪಗೆ ಬರುತ್ತಿತ್ತು.

ದಿಬ್ಬದ ಬುಡದಲ್ಲಿ ಒಂದು ಬಸ್ತಿ. ಚಮ್ಮಾರರ ಮನೆಗಳು. ಗಂಡಸರು ಫ್ಯಾಕ್ಟರಿಗಳಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಹೋಗುತ್ತಿದ್ದರು. ಹೆಂಗಸರನ್ನು ನಾವು ಅಗೆಯಲು ಕರೆದುಕೊಂಡಿದ್ದೆವು. ಪಿಕಾಸಿ ಹಿಡಿದವರೂ ಅವರೇ, ಬಾಂಡ್ಲಿ ಹೊತ್ತವರೂ ಅವರೇ, ಜರಡಿ ಹಿಡಿದು ಮಣ್ಣು ಸೋಸಿದವರೂ ಅವರೇ. ಬೆಳಗಿನ ಚಳಿಗೆ ಪಿಕಾಸಿಯ ಕಬ್ಬಿಣ ಅಂಗೈಗೆ ಅಂಟಿಕೊಳ್ಳುತ್ತಿತ್ತು. ಅಂಗೈ ಒಡೆದು ಸೀಳಿದ ಜಾಗಕ್ಕೆ ಸಾಸಿವೆ ಎಣ್ಣೆ ಸವರಿಕೊಂಡು ಮತ್ತೆ ಹಿಡಿಯುತ್ತಿದ್ದರು. ಅವರ ಮುಂದಾಳು ಬಿರ್ಮತಿ. ನಡುವಯಸ್ಸು ದಾಟಿದ ವಿಧವೆ. ಎತ್ತರದ ಹೆಂಗಸು, ಗಂಟಲು ದೊಡ್ಡದು. ನನ್ನನ್ನು ಮೊದಲು ಮೇಡಂಜೀ ಅನ್ನುತ್ತಿದ್ದಳು. ನಾನೂ ಗುಂಡಿಗಿಳಿದು ಅವಳ ಜತೆ ಮಣ್ಣು ಎತ್ತಿದ ಮೇಲೆ ಬೇಟಿ, ಅಂದರೆ ಮಗಳು, ಆದೆ. ಅವಳ ಮಾತು ಹರಿಯಾಣದ ಹಿಂದಿ. ಇಲ್ಲಿ ಅದನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಗುಂಡಿ ಸಿಕ್ಕಿದ್ದು ನನ್ನ ಕರಣೆಗೆ. ಮೇಲಿನ ಹುಲ್ಲು ಕೆರೆದು ಸ್ವಲ್ಪ ಇಳಿದಿದ್ದೆವು ಅಷ್ಟೆ. ಮೊದಲು ಬೂದಿ ಬಂತು. ಬೂದಿಯ ಕೆಳಗೆ ಬೆಳ್ಳಗೆ ಒಂದು ಅಂಚು ಕಂಡಿತು. ಬಗ್ಗಿ ಕೆರೆಯುತ್ತ ಹೋದೆ. ಚೌಕಾಕಾರದ ಹೊಂಡ. ಒಳಗೋಡೆಗೆ ಸುಣ್ಣದ ಗಾರೆ. ತಳದಲ್ಲಿ ಕೊಳೆತು ಕಪ್ಪಾದ ಮರದ ತೊಗಟೆ. ಕೊಂಬಿನ ಚೂರುಗಳು. ಬಾಗಿದ ಬಾಯಿಯ ಒಂದು ಕಬ್ಬಿಣದ ಅಲಗು.

ಬಿರ್ಮತಿ ಬಾಂಡ್ಲಿ ಕೆಳಗಿಟ್ಟು ಒಳಗೆ ಇಳಿದಳು. ಬಿಳಿಯದನ್ನು ಉಗುರಿನಲ್ಲಿ ಕೆರೆದು ನಾಲಿಗೆಗೆ ಹಚ್ಚಿ ಥೂ ಎಂದು ಉಗುಳಿದಳು.

"ಸುಣ್ಣ. ಇದು ನಮ್ಮ ಮಾವನ ಹೊಂಡ ಬೇಟಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಇದರ ನಾತಕ್ಕೆ ಅನ್ನ ಇಳೀತಿರಲಿಲ್ಲ. ಆಮೇಲೆ ತೊಗಲಿನ ಠೇಕೇದಾರ ಬರೋದು ನಿಲ್ಲಿಸಿದ. ಮಾವ ಮಣ್ಣು ಮುಚ್ಚಿದ. ಮೇಲೆ ನಾವು ಕಸ ಸುಡ್ತಿದ್ವಿ."

ಆ ಅಲಗನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು. "ರಾಂಪಿ," ಅಂದಳು. ನಮ್ಮ ತಾತನ ಹತ್ತಿರವೂ ಇಂಥದ್ದೇ ಇತ್ತು. ತೊಗಲು ಕೊಯ್ಯುವ ಅಲಗು, ನಾವು ರಂಪಿಗೆ ಅನ್ನುತ್ತಿದ್ದೆವು. ತೊಗಲು ಹದಕ್ಕೆ ಹಿರಿಯೂರಿನಲ್ಲಿ ತಂಗಡಿ ಚಕ್ಕೆ, ಇಲ್ಲಿ ಜಾಲಿಯ ತೊಗಟೆ. ಉಳಿದದ್ದೆಲ್ಲ ಒಂದೇ. ತಾತನ ಕೈಬೆರಳುಗಳ ಸಂದಿಯಲ್ಲಿ ಸುಣ್ಣ ತಿಂದ ಹುಣ್ಣು ಸಾಯುವವರೆಗೂ ಇತ್ತು. ಊಟ ಕಲಸುವಾಗ ಖಾರ ತಾಗಿ ಹಲ್ಲು ಕಚ್ಚುತ್ತಿದ್ದ. ಸಾವಿರಾರು ಮೈಲಿ ಆಚೆ ಬಂದು, ಅಷ್ಟು ಓದಿ, ಕೊನೆಗೆ ನಾನು ಕೆರೆದದ್ದು ನಮ್ಮ ಮನೆಯ ಹೊಂಡವನ್ನೇ. ನಗು ಬಂತು. ಬಿರ್ಮತಿಗೆ ಹೇಳಿದೆ. ಅವಳೂ ನಕ್ಕಳು. ಆ ಮಧ್ಯಾಹ್ನ ಹೊಂಡದ ಅಂಚಿನಲ್ಲೇ ಕೂತು ಅವಳ ಸಜ್ಜೆ ರೊಟ್ಟಿ ತಿಂದೆವು. ಕಾಲನ್ನು ಹೊಂಡದೊಳಕ್ಕೆ ಇಳಿಬಿಟ್ಟಿದ್ದೆವು.

ಉತ್ಖನನದ ಮುಖ್ಯಸ್ಥರು ದಕ್ಷಿಣಾಮೂರ್ತಿ. ಮೈಸೂರಿನವರು. ದೆಹಲಿಯಲ್ಲೇ ಕೂದಲು ನರೆತವರು. ಕನ್ನಡದ ಹುಡುಗಿ ಎಂದು ನನ್ನನ್ನು ಕರೆದು ಕೆಲಸ ಕೊಟ್ಟವರು. ಸಂಜೆ ಅವರಿಗೆ ತೋರಿಸಿದೆ.

"ಸರ್, ಇದು ಚರ್ಮ ಹದ ಮಾಡೋ ಹೊಂಡ."

ಅವರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. "ಹೂಂ. ಹಾಗೇ ಕಾಣತ್ತೆ. ಬಿರ್ಮತಿ ಹೇಳಿದ್ಲಾ?"

"ಅವರೂ ಹೇಳಿದ್ರು. ನನಗೂ ಗೊತ್ತಾಯ್ತು. ನಮ್ಮ ತಾತ ಇದೇ ಕೆಲಸ ಮಾಡ್ತಿದ್ರು."

ಅವರು ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. "ನೋಡಮ್ಮ, ನನ್ನ ಹತ್ರ ಅದೆಲ್ಲ ಇಲ್ಲ," ಅಂದರು.

ನಾನು ಏನೂ ಕೇಳಿರಲಿಲ್ಲ.

ಅಗೆಯುವವರ ಒಂದು ಕ್ರಮವಿದೆ. ಎರಡು ಗುಂಡಿಗಳ ನಡುವೆ ಒಂದು ಮಣ್ಣಿನ ಗೋಡೆಯನ್ನು ಅಗೆಯದೆ ಬಿಡುತ್ತಾರೆ. ಆ ಗೋಡೆಯ ಮೈಮೇಲೆ ಪದರಗಳು ಕಾಣುತ್ತವೆ. ಯಾವುದು ಹಳೆಯದು, ಯಾವುದು ನಿನ್ನೆಯದು ಎಂದು ಅದನ್ನು ನೋಡಿಯೇ ಹೇಳುವುದು. ನಮ್ಮ ದಿಬ್ಬದ ತಳದಲ್ಲಿ ನಿಜಕ್ಕೂ ಬಹಳ ಹಳೆಯ ಬೂದುಬಣ್ಣದ ಮಡಕೆ ಚೂರುಗಳಿದ್ದವು. ಹೊಂಡದ ಬಾಯಿ ಮಾತ್ರ ಹುಲ್ಲಿನ ಬೇರಿನ ಕೆಳಗೇ ತೆರೆದಿತ್ತು, ಅಂದರೆ ಹೊಂಡ ತೀರ ಈಚಿನದು. ಗೋಡೆಯ ಮೇಲೆ ಅದು ಎದ್ದು ಕಾಣುತ್ತಿತ್ತು. ದಕ್ಷಿಣಾಮೂರ್ತಿಯವರೇ ಅದಕ್ಕೆ ಸುಣ್ಣದ ಗೆರೆ ಎಳೆದು ನನಗೆ ತೋರಿಸಿದ್ದರು.

ಒಂದು ಮಧ್ಯಾಹ್ನ ಬಿಳಿ ಕಾರುಗಳು ಬಂದವು. ಮೇಲಿನಿಂದ ಬಂದವರು ಎಂದಷ್ಟೇ ನಮಗೆ ಹೇಳಿದರು. ಅವರಲ್ಲೊಬ್ಬರು ಹೊಂಡದ ಬಳಿ ನಿಂತು, ಬೂದಿ ನೋಡಿ, "ಇದು ಹವನ ಕುಂಡ ಅಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದರು. ದಕ್ಷಿಣಾಮೂರ್ತಿಯವರು ಕೈ ಕಟ್ಟಿಕೊಂಡು, "ಜೀ, ಸಾಧ್ಯತೆ ಇದೆ," ಅಂದರು.

ಸಂಜೆಯ ಹೊತ್ತಿಗೆ ಸಾಧ್ಯತೆ ಎಂಬ ಮಾತು ಬಿದ್ದುಹೋಗಿತ್ತು. ಟಿವಿಯಲ್ಲಿ ಮಹಾಭಾರತದ ಕಾಲದ ಯಜ್ಞಕುಂಡ ಬಂದಿತ್ತು. ಋಷಿ ಇನ್ನೂ ಸಿಕ್ಕಿರಲಿಲ್ಲ. ಮಾರನೆಯ ದಿನದಿಂದ ಋಷಿಯನ್ನು ಹುಡುಕತೊಡಗಿದರು. ಈ ಕಡೆಯಲ್ಲಿ ಆಶ್ರಮ ಮಾಡಿಕೊಂಡಿದ್ದ ಋಷಿ ಯಾರು ಎಂದು ಫೋನಿನ ಮೇಲೆ ಫೋನು. ವಾರ ಕಳೆಯುವುದರೊಳಗೆ ಒಬ್ಬರು ಸಿಕ್ಕರು. ಅವರ ಗಡ್ಡದ ಚಿತ್ರ ಬರೆಸಿ ಫ್ಲೆಕ್ಸ್ ಮಾಡಿಸಿದರು. ತಾತನ ರಂಪಿಗೆಯಂಥ ಆ ಅಲಗು ಸಮಿತ್ತು ಕಡಿಯುವ ಆಯುಧವಾಯಿತು. ಕೊಂಬಿನ ಚೂರುಗಳ ಪೆಟ್ಟಿಗೆ ಎಲ್ಲಿಗೆ ಹೋಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಭಾನುವಾರ ರಜೆ ಕಳೆದು ಸೋಮವಾರ ಹೋದೆ. ಮಣ್ಣಿನ ಗೋಡೆ ಇರಲಿಲ್ಲ. ಬೇರೆ ಕಡೆಯಿಂದ ಆಳುಗಳನ್ನು ತರಿಸಿ ಕಡಿಸಿಹಾಕಿದ್ದರು. ಜನ ನಿಂತು ನೋಡಲು ಜಾಗ ಬೇಕಿತ್ತಂತೆ. ಗೋಡೆ ಇದ್ದ ಕಡೆ ಮರಳು ಹರಡಿ, ಮೇಲೆ ಹಸಿರು ಮ್ಯಾಟ್ ಹಾಸಿದ್ದರು. ಇನ್ನು ತಳದ ಮಡಕೆಯ ವಯಸ್ಸನ್ನು ತಂದು ಮೇಲಿನ ಹೊಂಡಕ್ಕೆ ಅಂಟಿಸಿದರೆ ಅಡ್ಡ ಬರುವವರು ಯಾರೂ ಇರಲಿಲ್ಲ.

ಟೆಂಟಿನಲ್ಲಿ ದಕ್ಷಿಣಾಮೂರ್ತಿಯವರು ಒಬ್ಬರೇ ಚಹಾ ಕುಡಿಯುತ್ತ ಕೂತಿದ್ದರು.

"ಸರ್, ಗೋಡೆ?"

"ಕೂತ್ಕೋ."

"ನಿಮಗೆ ಗೊತ್ತಿತ್ತಲ್ಲ ಸರ್."

"ಗೊತ್ತಿದೆ ಕಣಮ್ಮ. ಗೊತ್ತಿಲ್ಲ ಅಂತ ಯಾರು ಹೇಳಿದ್ರು?" ಲೋಟದೊಳಗೇ ನೋಡುತ್ತಿದ್ದರು. "ಗೊತ್ತಿರೋದಕ್ಕೂ ಹೇಳೋದಕ್ಕೂ ಮಧ್ಯೆ ಒಂದು ನೌಕರಿ ಇರತ್ತೆ. ನಾನು ಬೇಡ ಅಂದ್ರೆ ನಾಳೆ ಇನ್ನೊಬ್ಬ ಬಂದು ಹೂಂ ಅಂತಾನೆ. ಜನಕ್ಕೆ ಇದು ಬೇಕು. ಅವರ ನಂಬಿಕೆಗೆ ನಾವ್ಯಾಕೆ ಕಲ್ಲು ಹಾಕೋಣ?"

"ನಮ್ಮಜ್ಜಿಗೂ ನಂಬಿಕೆ ಇತ್ತು ಸರ್. ಭೀಮನ ಕಥೆ ಹೇಳ್ತಾ ಅಳ್ತಿದ್ಲು. ಒಂದು ದಿನಾನೂ ಭೀಮ ಎಲ್ಲಿ ಕೂತು ಉಂಡ ತೋರ್ಸು ಅಂತ ಯಾರನ್ನೂ ಕೇಳ್ಲಿಲ್ಲ. ನಂಬೋರಿಗೆ ಪುರಾವೆ ಬೇಕಿಲ್ಲ. ಪುರಾವೆ ಬೇಕಾಗಿರೋದು ಜಾಗಕ್ಕೆ."

"ಮೆತ್ತಗೆ ಮಾತಾಡು," ಅಂದರು. ಟೆಂಟಿನ ಬಾಗಿಲ ಕಡೆ ನೋಡಿದರು. ಅವರಿಗೆ ಹೆದರಿಕೆ ಇತ್ತು. ಅವರನ್ನು ಕಂಡು ಅಯ್ಯೋ ಅನ್ನಿಸಬೇಕಿತ್ತೇನೋ. ಅನ್ನಿಸಲಿಲ್ಲ. ಅವರ ಹೆದರಿಕೆಯ ಬೆಲೆಯನ್ನು ಬಿರ್ಮತಿ ತೆರಬೇಕಾಗಿತ್ತು.

ಜಾಗದ ವಿಷಯ ನಾನು ಸುಮ್ಮನೆ ಆಡಿದ್ದಲ್ಲ. ಅದಾಗಲೇ ಬಸ್ತಿಯ ಬಾಗಿಲುಗಳ ಮೇಲೆ ಕೆಂಪು ಬಣ್ಣದ ಗುರುತು ಬಿದ್ದಿತ್ತು. ಪವಿತ್ರ ಕ್ಷೇತ್ರದ ಸುತ್ತ ಮನೆಗಳಿರಕೂಡದು. ಕಾರ್ ಪಾರ್ಕಿಂಗ್ ಬೇಕು, ಧರ್ಮಶಾಲೆ ಬೇಕು. ಸಂಕ್ರಾಂತಿ ಕಳೆದ ಮೇಲೆ ತೆರವು. ಬಸ್ತಿಯವರು ನಾವು ತಲೆತಲಾಂತರದಿಂದ ಇಲ್ಲೇ ಇದ್ದೇವೆ ಅಂದರು. ಆಗ ಟಿವಿಯವನೊಬ್ಬ ದಕ್ಷಿಣಾಮೂರ್ತಿಯವರ ಮುಂದೆ ಮೈಕ್ ಹಿಡಿದ. ಅವರು ಮೈಕ್‌ಗೆ ಹೇಳಿದರು: ಈ ದಿಬ್ಬದಲ್ಲಿ ಚರ್ಮದ ಕೆಲಸ ನಡೆದ ಕುರುಹು ಯಾವ ಕಾಲಕ್ಕೂ ಇಲ್ಲ. ಇವರೆಲ್ಲ ಈಚೆಗೆ ಬಂದು ಸೇರಿಕೊಂಡವರು.

ಅಷ್ಟೇ. ಒಂದು ಉಸಿರಿನಲ್ಲಿ ಬಿರ್ಮತಿಯ ಮಾವ, ಅವನ ಅಪ್ಪ, ಅವರ ಸುಣ್ಣ ತಿಂದ ಕೈಗಳು ಎಲ್ಲ ಇಲ್ಲವಾದವು. ಬದುಕಿದ್ದಾಗ ಹತ್ತಿರ ಸೇರಿಸಲಿಲ್ಲ. ಸತ್ತ ಮೇಲೆ ಮಣ್ಣಿನಡಿಯಲ್ಲೂ ಇರಗೊಡಲಿಲ್ಲ.

ಹಗ್ಗ ಬಂದದ್ದು ಆ ವಾರವೇ. ಹೊಂಡದ ಸುತ್ತ ಕೇಸರಿ ನೈಲಾನ್ ಹಗ್ಗ. ಚಪ್ಪಲಿ ಇಲ್ಲಿ ಬಿಡಿ ಎಂಬ ಬೋರ್ಡು. ಮೊದಲು ಚಪ್ಪಲಿ ಬಿಟ್ಟು ಬನ್ನಿ ಅಂದರು. ಹೆಂಗಸರು ಚಪ್ಪಲಿ ಬಿಟ್ಟು, ಹೆಪ್ಪುಗಟ್ಟಿದ ಮಣ್ಣಿನ ಮೇಲೆ ಬರಿಗಾಲಲ್ಲಿ ಬಾಂಡ್ಲಿ ಹೊತ್ತರು. ಆಮೇಲೆ ಒಳಗೆ ಬರುವುದೇ ಬೇಡ ಅಂದರು. ಹೊರಗಿನಿಂದಲೇ ಮರಳು ಹೊತ್ತು ಪೆಂಡಾಲಿಗೆ ಹಾಕಿ ಎಂದರು. ಒಂದು ಬೆಳಗ್ಗೆ ಬಿರ್ಮತಿ ಅಭ್ಯಾಸಬಲದಿಂದ ಹಗ್ಗ ಎತ್ತಿ ಒಳಗೆ ಹೆಜ್ಜೆ ಇಟ್ಟಳು. ಕಾವಲಿನವನು ಲಾಠಿಯ ತುದಿಯಿಂದ ಅವಳ ಹೊಟ್ಟೆ ತಿವಿದು ಹಿಂದಕ್ಕೆ ತಳ್ಳಿದ. ತಲೆಯ ಮೇಲಿನ ಮರಳು ಅವಳ ಕಣ್ಣು ಬಾಯಿಗೆಲ್ಲ ಸುರಿಯಿತು.

ಅವಳು ಬೈಯಲಿಲ್ಲ. ಮರಳು ಉಗುಳಿ ಬಾಂಡ್ಲಿ ಎತ್ತಿಕೊಂಡಳು. ಅವಳು ಬೈದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

ಹೊಂಡಕ್ಕೆ ಪೂಜೆ ಮಾಡಿಸಿದ ದಿನ ದಕ್ಷಿಣಾಮೂರ್ತಿಯವರ ಹೆಂಡತಿ ಲೀಲಮ್ಮ ಬಂದರು. ಒಳ್ಳೆಯ ಹೆಂಗಸು. ನಾನು ಅವರ ಕ್ವಾರ್ಟರ್ಸ್‌ಗೆ ಹೋದಾಗಲೆಲ್ಲ ಬಿಸಿಬೇಳೆಬಾತ್ ಬಡಿಸಿ, ಸೊರಗಿದ್ದೀಯ ಎಂದು ಇನ್ನೊಂದು ಸೌಟು ಹಾಕುತ್ತಿದ್ದವರು. ರೇಷ್ಮೆ ಸೀರೆಯುಟ್ಟು ಕುಂಕುಮದ ಬಟ್ಟಲು ಹಿಡಿದು ಬಂದಾಗ ನಾನು ಹೊಂಡದೊಳಗೆ ಕೂತು ಬ್ರಷ್‌ನಿಂದ ಗಾರೆ ಒರೆಸುತ್ತಿದ್ದೆ. ಅದನ್ನು ಚೊಕ್ಕ ಮಾಡಿಡು ಎಂದು ಅವರ ಗಂಡನೇ ಹೇಳಿದ್ದರು.

"ಧಾರಿಣಿ, ನೀನು ಸ್ವಲ್ಪ ಆಚೆ ನಿಂತ್ಕೋಮ್ಮ. ಪುರೋಹಿತರು ಏನಾದ್ರೂ ಅಂದಾರು. ತಪ್ಪು ತಿಳ್ಕೋಬೇಡ."

"ನಾನು ಯಾವ ಜಾತಿ ಅಂತ ಪುರೋಹಿತರಿಗೆ ಹೇಗೆ ಗೊತ್ತಾಗತ್ತೆ ಆಂಟಿ?"

ಅವರ ಮುಖ ಕೆಂಪಾಯಿತು. ಕುಂಕುಮದ ಬಟ್ಟಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ನಾನು ಮೇಲೆ ಹತ್ತಿ ಬಂದೆ. ಹತ್ತುವಾಗ ಕೈ ಹಿಡಿಯಲು ಯಾರೂ ಬರಲಿಲ್ಲ. ಹಗ್ಗದ ಆಚೆ ಬಿರ್ಮತಿ ಸರಿದು ಜಾಗ ಮಾಡಿಕೊಟ್ಟಳು. ಪುರೋಹಿತರು ನನ್ನ ತಾತನ ಕಸುಬಿಗೆ ತುಪ್ಪ ಸುರಿದರು. ಹೊಗೆ ನಮ್ಮ ಕಡೆಗೇ ಬಂತು.

ದಕ್ಷಿಣಾಮೂರ್ತಿಯವರ ಮಗ ಸಾತ್ವಿಕ್ ವಿಡಿಯೊ ಮಾಡುತ್ತಿದ್ದ. ದೆಹಲಿಯಲ್ಲೇ ಹುಟ್ಟಿ ಬೆಳೆದವನು, ಯಾವುದೋ ಚಾನೆಲ್‌ಗೆ ವಿಡಿಯೊ ಮಾಡಿಕೊಡುವ ಕೆಲಸ. ಪೂಜೆ ಮುಗಿದ ಮೇಲೆ ನನ್ನ ಬಳಿ ಬಂದ.

"ಧಾರಿಣಿ ದೀ, ಕ್ಯಾಮೆರಾಗೆ ಬಸ್ ಏಕ್ ಲೈನ್ ಬೋಲಿ. ಇದು ನಾನೇ ಫೈಂಡ್ ಮಾಡಿದ್ದು, ಮುಝೆ ಗರ್ವ್ ಹೈ, ಹೆಮ್ಮೆ ಇದೆ, ಅಷ್ಟೇ. ನೀವು ಸೌತ್, ಲೇಡಿ, ಊಪರ್ ಸೆ... ಯು ನೋ. ನೀವು ಬೋಲಿದ್ರೆ ಯಾರೂ ಏನೂ ಕೇಳಲ್ಲ."

"ಊಪರ್ ಸೆ, ಅದರ ಮೇಲೆ ಏನು?"

"ಅರೆ, ಬುರಾ ಮತ್ ಮಾನೋ, ಬೇಜಾರ್ ಬೇಡ. ಪಾಪಾ ಹೇಳಿದ್ರು."

ನಾನು ಇಲ್ಲ ಅಂದೆ. ಅವನು ಭುಜ ಕುಣಿಸಿ, ಚಲೋ ಕೋಯೀ ಬಾತ್ ನಹೀಂ ಎಂದು ಹೋದ. ಸಂಜೆ ದಕ್ಷಿಣಾಮೂರ್ತಿಯವರು ಕರೆದರು. ಉದ್ಘಾಟನೆಯ ದಿನ ದೊಡ್ಡ ಅತಿಥಿಗಳು ಬರುತ್ತಾರೆ. ವೇದಿಕೆಯ ಮೇಲೆ ನಿಂತು ಹೊಂಡದ ವಿವರಣೆ ನಾನೇ ಓದಬೇಕು. ನನ್ನ ಪಿಎಚ್‌ಡಿ ಈ ದಿಬ್ಬದ ಮಡಕೆಗಳ ಮೇಲೆ. ಅವನ್ನು ಬಳಸಲು ಅವರ ಒಪ್ಪಿಗೆ ಬೇಕು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. "ನಿನ್ನ ಭವಿಷ್ಯ ನೋಡ್ಕೋ," ಅಂದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಷ್ಟು ಸುಸ್ತಾಗಿತ್ತು.

ಉದ್ಘಾಟನೆಯ ದಿನ ಬೆಳಗ್ಗೆ ಕೈ ಚಾಚಿದರೆ ಕೈ ಕಾಣದಂಥ ಮಂಜು. ನಾನು ಹೋಗುವ ಹೊತ್ತಿಗೆ ದಿಬ್ಬದ ಬಾಗಿಲಲ್ಲಿ ಜನ ಗುಂಪು ಕೂಡಿದ್ದರು. ಹೊಸದಾಗಿ ಕಟ್ಟಿದ ಕಮಾನಿನ ಕೆಳಗೆ, ರಸ್ತೆಗೆ ಅಡ್ಡಲಾಗಿ ಒಂದು ಬಿಡಾಡಿ ಹಸು ಸತ್ತು ಬಿದ್ದಿತ್ತು. ಪೆಂಡಾಲಿಗೆ ಮರಳು ತಂದ ಡಂಪರ್ ಹಿಂದಿನ ಸಂಜೆ ಮಂಜಿನಲ್ಲಿ ಗುದ್ದಿ ಹೋಗಿತ್ತು. ಹೊಟ್ಟೆ ಒಡೆದಿತ್ತು. ಹೊಟ್ಟೆಯೊಳಗಿಂದ ಪ್ಲಾಸ್ಟಿಕ್ ಚೀಲಗಳು ಹೊರಗೆ ಬಂದಿದ್ದವು. ನಾಯಿಗಳು ಆಗಲೇ ಬಂದು ಹೋಗಿದ್ದವು.

ಯಾರೋ ಅದರ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಇನ್ಯಾರೋ ಕೆಂಪು ಚಾದರ ಹೊದಿಸಿದ್ದರು. ಬಂದವರೆಲ್ಲ ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ಎತ್ತುವವರು ಒಬ್ಬರೂ ಇರಲಿಲ್ಲ. ಜೆಸಿಬಿ ಅಲ್ಲೇ ನಿಂತಿತ್ತು. ಚಾಲಕ ಕೀಲಿ ಜೇಬಿಗೆ ಹಾಕಿಕೊಂಡು ದೂರ ಹೋಗಿ ಬೀಡಿ ಹಚ್ಚಿದ್ದ. ಗೋಮಾತೆಯ ಮೇಲೆ ಬಕೆಟ್ ಇಟ್ಟಿದ್ದನ್ನು ಯಾರಾದರೂ ಮೊಬೈಲಿನಲ್ಲಿ ಹಿಡಿದರೆ ನನ್ನ ಕಥೆ ಮುಗಿಯಿತು ಅಂದನಂತೆ. ಸತ್ತ ದನ ಸಾಗಿಸುವ ಪಂಚಾಯಿತಿಯ ಕಾಂಟ್ರಾಕ್ಟರ್ ಫೋನ್ ಎತ್ತುತ್ತಿರಲಿಲ್ಲ.

ಹಾಗಾಗಿ ಬಸ್ತಿಗೆ ಹೇಳಿಕಳಿಸಿದರು. ಆ ಊರಿನಲ್ಲಿ ಯಾವತ್ತೂ ಅದೇ ಪದ್ಧತಿ. ದನ ಸತ್ತರೆ ಮೇಲಿನ ಕೇರಿಯಿಂದ ಒಬ್ಬ ಬಂದು ಬಸ್ತಿಯ ಅಂಚಿನಲ್ಲಿ ನಿಂತು ಕೂಗು ಹಾಕುತ್ತಾನೆ. ಒಳಗೆ ಬರುವುದಿಲ್ಲ. ಇವರು ಹೋಗಿ ಎತ್ತುತ್ತಾರೆ. ಆವತ್ತೂ ಒಬ್ಬ ನಿಂತು ಕೂಗಿದ. ಯಾರೂ ಹೊರಡಲಿಲ್ಲ. ಇನ್ನೊಮ್ಮೆ ಕೂಗಿದ. ಬಿರ್ಮತಿ ಒಲೆಯ ಮುಂದಿನಿಂದಲೇ, "ಬರಲ್ಲ ಅಂತ ಹೇಳು," ಅಂದಳು.

ಹೊತ್ತು ಏರಿತು. ಮಂಜು ಕರಗಿ ಬಿಸಿಲು ಬಂತು. ಬಿಸಿಲಿನ ಜತೆ ನಾತವೂ ಬಂತು. ವೇದಿಕೆಯ ಮೈಕಿನವನು ಹಲೋ ಚೆಕ್ ಹಲೋ ಚೆಕ್ ಎಂದು ಹೇಳಿಕೊಳ್ಳುತ್ತಲೇ ಇದ್ದ. ಅತಿಥಿಗಳ ಕಾರು ಹೆದ್ದಾರಿ ಬಿಟ್ಟಿತೆಂದು ಸುದ್ದಿ ಬಂತು. ದಕ್ಷಿಣಾಮೂರ್ತಿಯವರು ಮೂಗಿಗೆ ಕರ್ಚೀಫು ಒತ್ತಿಕೊಂಡು ನನ್ನ ಹತ್ತಿರ ಓಡಿಬಂದರು. ಅವರು ಓಡುವುದನ್ನು ನಾನು ನೋಡಿದ್ದು ಅದೇ ಮೊದಲು.

"ಧಾರಿಣಿ, ನೀನು ಹೋಗಿ ಹೇಳಮ್ಮ. ನೀನು ಹೇಳಿದ್ರೆ ಕೇಳ್ತಾರೆ."

"ನಾನು ಹೇಳಿದ್ರೆ ಯಾಕೆ ಕೇಳ್ತಾರೆ ಸರ್?"

"ನೋಡು, ಇದು ವಾದ ಮಾಡೋ ಹೊತ್ತಲ್ಲ. ನಿಮ್ಮೋರು ನಿಮ್ಮೋರ ಮಾತು ಕೇಳೇ ಕೇಳ್ತಾರೆ."

ನನ್ನ ಹತ್ರ ಅದೆಲ್ಲ ಇಲ್ಲ ಅಂದಿದ್ದ ಬಾಯಿ ಅದು. ಕೆನ್ನೆಗೆ ಹೊಡೆದ ಹಾಗಾಯಿತು. ಹೊಡೆತಕ್ಕೆ ಸುಸ್ತು ಸ್ವಲ್ಪ ಬಿಟ್ಟಿತು.

"ನಿಮ್ಮ ಪ್ರಕಾರ ಇಲ್ಲಿ ಚರ್ಮದೋರು ಯಾವ ಕಾಲಕ್ಕೂ ಇರಲೇ ಇಲ್ಲವಲ್ಲ ಸರ್. ಇಲ್ಲದವರನ್ನ ನಾನು ಎಲ್ಲಿಂದ ಕರ್ಕೊಂಡು ಬರಲಿ? ನಾನು ಹೇಳಲ್ಲ. ವೇದಿಕೆ ಮೇಲೂ ಓದಲ್ಲ."

"ಯೋಚನೆ ಮಾಡು. ಪಿಎಚ್‌ಡಿ..."

"ಮಾಡಿದೀನಿ."

ನನ್ನ ಕೊರಳಲ್ಲಿದ್ದ ಸೈಟಿನ ಗುರುತಿನ ಚೀಟಿಯನ್ನು ತೆಗೆದು ಅವರ ಕೈಗೆ ಕೊಟ್ಟೆ. ಎಸೆಯುವ ಗತ್ತು ನನ್ನಲ್ಲಿರಲಿಲ್ಲ. ಸುಮ್ಮನೆ ಕೊಟ್ಟೆ. ಅವರು ಅದನ್ನು ಹಿಡಿದುಕೊಂಡೇ ಬಸ್ತಿಯ ಕಡೆ ಇಳಿದರು. ಅವರ ಹಿಂದೆ ಊರಿನವರು, ಅವರ ಹಿಂದೆ ಮೊಬೈಲ್ ಎತ್ತಿ ಹಿಡಿದ ಸಾತ್ವಿಕ್. ಜಟಿಲ ಸಮಸ್ಯೆಯನ್ನು ಅಪ್ಪ ಪ್ರೀತಿಯಿಂದ ಬಿಡಿಸುವುದನ್ನು ತೋರಿಸಬೇಕು ಎಂದು ಅವನ ಲೆಕ್ಕವಿದ್ದಿರಬೇಕು. ನಾನೂ ಹೋದೆ.

ಬಿರ್ಮತಿ ಮನೆಯ ಮುಂದೆ, ಕೆಂಪು ಗುರುತು ಬಿದ್ದ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಳು. ಉಳಿದ ಹೆಂಗಸರು ಅವಳ ಅಕ್ಕಪಕ್ಕ. ರಾತ್ರಿ ಪಾಳಿ ಮುಗಿಸಿ ಬಂದ ಗಂಡಸರು ಫ್ಯಾಕ್ಟರಿಯ ನೀಲಿ ಅಂಗಿಯಲ್ಲೇ ಹಿಂದೆ ನಿಂತಿದ್ದರು.

ಊರಿನವನೊಬ್ಬ ಗದರಿದ. "ಏಯ್, ಎತ್ತುತ್ತೀರೋ ಇಲ್ಲವೋ?"

"ಎತ್ತಿದರೆ ದಾರಿಯಲ್ಲಿ ನಿಲ್ಲಿಸಿ, ಎಲ್ಲಿ ಕೊಂದಿರಿ ಅಂತ ಕೇಳ್ತೀರಿ," ಅಂದಳು ಬಿರ್ಮತಿ. "ಎತ್ತದಿದ್ದರೆ ಯಾಕೆ ಎತ್ತಲಿಲ್ಲ ಅಂತ ಕೇಳ್ತೀರಿ. ನೀವೇ ಎತ್ತಿ. ನಿಮ್ಮ ತಾಯಿ."

ಗುಂಪಿನಲ್ಲಿ ಗದ್ದಲವೆದ್ದಿತು. ದಕ್ಷಿಣಾಮೂರ್ತಿಯವರು ಎರಡೂ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಬಿರ್ಮತಿಯ ಮುಂದೆ ಕೈ ಜೋಡಿಸಿದರು. ನನ್ನ ಗುರುತಿನ ಚೀಟಿ ಅವರ ಜೋಡಿಸಿದ ಕೈಗಳ ನಡುವಿನಿಂದ ನೇತಾಡುತ್ತಿತ್ತು. ಬಹಳ ಮೆತ್ತಗಿನ ದನಿಯಲ್ಲಿ, ಅವರ ಒಳ್ಳೆಯ ಹಿಂದಿಯಲ್ಲಿ ಶುರುಮಾಡಿದರು.

"ತಾಯೀ, ಸಿಟ್ಟು ಬೇಡ. ನಿಮ್ಮ ಹಿರಿಯರು ಒಂದು ದಿನಾದರೂ ಹೀಗೆ ಇಲ್ಲ ಅಂದಿದ್ದರೇ? ಎಷ್ಟೋ ತಲೆಮಾರಿನಿಂದ ಇದೇ ಜಾಗದಲ್ಲಿ ಈ ಸೇವೆಯನ್ನ ನೀವೇ ತಾನೆ ಮಾಡಿಕೊಂಡು ಬಂದದ್ದು?"

ಬಿರ್ಮತಿ ಕೈಗೆ ಮೆತ್ತಿದ್ದ ಹಿಟ್ಟನ್ನು ಬೆರಳಿನಿಂದ ಉಜ್ಜಿ ಉದುರಿಸಿದಳು. ಆಮೇಲೆ ಸಾತ್ವಿಕ್‌ನ ಕಡೆ ತಿರುಗಿ, "ಮಗಾ, ಮೊಬೈಲು ನಡೀತಾ ಇದೆಯಾ?" ಎಂದು ಕೇಳಿದಳು. ಅವನು ಯಾಕೆಂದು ಗೊತ್ತಾಗದೆ ಹೌದೆಂದು ತಲೆಯಾಡಿಸಿದ.

ಅವಳು ದಕ್ಷಿಣಾಮೂರ್ತಿಯವರ ಕಡೆ ತಿರುಗಿದಳು.

"ಹೌದು ಸಾಹೇಬರೇ. ನಮ್ಮ ಮಾವ ಹೊತ್ತು ತರ್ತಿದ್ದ. ಅವನ ಅಪ್ಪನೂ ಹೊತ್ತು ತರ್ತಿದ್ದ. ತಂದು ಎಲ್ಲಿ ಹಾಕ್ತಿದ್ದರು?"

ದಕ್ಷಿಣಾಮೂರ್ತಿಯವರು ಜೋಡಿಸಿದ್ದ ಕೈ ಬಿಡಿಸಿದರು.

"ತೊಗಲು ಎಲ್ಲಿ ನೆನೆ ಹಾಕ್ತಿದ್ದರು? ನೀವೇ ಹೇಳಿದ್ರಲ್ಲ, ಇದೇ ಜಾಗ ಅಂತ. ಯಾವ ಜಾಗ? ಇಷ್ಟು ಜನ ಇದ್ದಾರೆ. ಬೆರಳು ಮಾಡಿ ತೋರಿಸಿ. ನೀವು ತೋರಿಸಿದ ಗಳಿಗೆಗೆ ನಾನೊಬ್ಬಳೇ ಹೋಗಿ ಆ ಹಸುವನ್ನ ಎಳೆದು ತಂದು ಅಲ್ಲೇ ಹಾಕ್ತೀನಿ."

ಅಲ್ಲಿದ್ದವರೆಲ್ಲ ದಿಬ್ಬದ ಕಡೆ ನೋಡಿದರು. ಊರಿನವರೂ ನೋಡಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಗದರಿದವನೂ ಅಲ್ಲಿಗೇ ನೋಡಿ, ತಟ್ಟನೆ ತಲೆ ತಗ್ಗಿಸಿದ. ಮೇಲೆ ಕೇಸರಿ ಹಗ್ಗ, ಋಷಿಯ ಫ್ಲೆಕ್ಸು, ಹೂವು ಸುತ್ತಿದ ಹೊಂಡ ಬಿಸಿಲಲ್ಲಿ ಕಾಣುತ್ತಿದ್ದವು. ಸಾತ್ವಿಕ್ ಮೊಬೈಲ್ ಕೆಳಗಿಳಿಸಿದ. ಅಷ್ಟರಲ್ಲಿ ಬಸ್ತಿಯ ಹುಡುಗಿಯರ ಕೈಯಲ್ಲಿ ಮೊಬೈಲುಗಳು ಮೇಲೆದ್ದಿದ್ದವು.

ದಕ್ಷಿಣಾಮೂರ್ತಿಯವರ ಬಲಗೈ ಸೊಂಟದವರೆಗೆ ಏರಿತು. ನಾನು ನೋಡುತ್ತಿದ್ದೆ. ಪದರ ಪದರವಾಗಿ ಮಣ್ಣು ಓದುವುದನ್ನು ನನಗೆ ಕಲಿಸಿದ ಬೆರಳು ಅದು. ಒಂದು ಗಳಿಗೆ ನನಗೂ ಆಸೆಯಾಯಿತು. ಸರ್, ತೋರಿಸಿಬಿಡಿ ಎಂದು ಕೂಗಬೇಕೆನ್ನಿಸಿತು. ಹೆದ್ದಾರಿಯ ಕಡೆಯಿಂದ ಸೈರನ್ ಕೇಳಿಸಿತು. ಅವರ ಕೈ ಕೆಳಗಿಳಿಯಿತು.

"ಎಲ್ಲಿ ಸಾಹೇಬರೇ?" ಎಂದು ಬಿರ್ಮತಿ ಮತ್ತೆ ಕೇಳಿದಳು.

ಅವರು ಹೆದ್ದಾರಿಯ ಕಡೆ ತಿರುಗಿದರು. ಸೈರನ್ ಹತ್ತಿರವಾಗುತ್ತಿತ್ತು. ಊರಿನವರು ಒಬ್ಬೊಬ್ಬರಾಗಿ ಕಮಾನಿನ ಕಡೆ ಓಡಿದರು. ಹಸು ಇನ್ನೂ ಅಲ್ಲೇ ಇತ್ತು. ಬಿರ್ಮತಿ ಬಾಗಿಲ ಪಕ್ಕದ ಮಂಚವನ್ನು ಎಳೆದು, ರಸ್ತೆಗೆ ಕಾಣುವ ಹಾಗೆ ಮನೆಯ ಮುಂದೆ ಹಾಕಿ ಕೂತಳು. ಪಕ್ಕಕ್ಕೆ ಸರಿದು, ನನಗೆ ಕೂರಲು ಹೇಳಿ ಮಂಚ ತಟ್ಟಿದಳು. ನಾನು ಕೂತೆ.